ಹೆಣ್ಣು ನೋಡಲು ಹೊರಡುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಸಲಿಂಗ ವಿವಾಹದ ಮಾತೆತ್ತಿದರೆ ನಮ್ಮ ಕೊಪ್ಪಳದ ಕಡೆ ಹಿರಿಯರು ಒಂದೇ ಮಾತಿಗೆ ಮುಗಿಸಿಬಿಡುತ್ತಾರೆ: 'ಇದೆಲ್ಲ ಪಟ್ಟಣದವರ ಹುಚ್ಚು, ನಮ್ಮ ಸಂಪ್ರದಾಯದಲ್ಲಿಲ್ಲ.' ಹಾಗೆಂದವರೇ ಹುಣ್ಣಿಮೆಗೆ ಹುಲಿಗಿಗೆ ಹೊರಡುತ್ತಾರೆ. ತುಂಗಭದ್ರೆಯಲ್ಲಿ ಮಿಂದು, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಮುಡಿಪಾದ ಜೋಗಪ್ಪನೆದುರು ಬಾಗಿ ನಿಲ್ಲುತ್ತಾರೆ. ಗಂಡಾಗಿ ಹುಟ್ಟಿ ಸೀರೆಯುಟ್ಟ ಆ ಜೀವ ಬಳೆ ತೊಟ್ಟ ಕೈಯಿಂದ ಚಿಟಿಕೆ ಭಂಡಾರ ತೆಗೆದು ಇವರ ಹಣೆಗೆ ಹಚ್ಚುತ್ತದೆ. ಹೀಗೆಯೇ ಗಂಡಾಗಿ ಹುಟ್ಟಿ ಸೀರೆಯುಟ್ಟ, ಜೋಗತಿ ಕುಣಿತದ ಕಲಾವಿದೆ, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ 'ನಮ್ಮವರು' ಎಂದು ಎಲ್ಲರೂ ಬೀಗಿದೆವು. ಮನೆಯಿಂದ ದೂರವಾಗಿ ಭಿಕ್ಷೆ ಬೇಡಿದ ದಿನಗಳ ಬಗ್ಗೆ ಅವರೇ ಹೇಳಿಕೊಂಡದ್ದು ಮಾತ್ರ ನಮ್ಮ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

ಜೋಗಪ್ಪಂದಿರ ಬಾಳು ಬೇರೆ, ಸಲಿಂಗ ಜೋಡಿಗಳ ಬೇಡಿಕೆ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಲಾಗದು. ಆದರೂ ಒಂದು ಮಾತು ನಿಜ. ಇಂಥವರಿಗೆ ಸಂಪ್ರದಾಯ ಗುಡಿಯ ಅಂಗಳವನ್ನು ಬಿಟ್ಟುಕೊಟ್ಟಿತು, ಮನೆಯ ಪಡಸಾಲೆಯನ್ನು ಕೊಡಲಿಲ್ಲ. ಈಗ ಕೇಳುತ್ತಿರುವುದು ಪಡಸಾಲೆಯನ್ನು. ಅದಕ್ಕೇ ಇಷ್ಟು ಗದ್ದಲ.

ಕಾನೂನು ಎಲ್ಲಿಗೆ ಬಂದು ನಿಂತಿದೆ? ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಮದುವೆಯ ಪ್ರಶ್ನೆ ಬಂದಾಗ, 2023ರ ಅಕ್ಟೋಬರ್ 17ರಂದು, ಅದು ಸಂಸತ್ತಿಗೆ ಬಿಟ್ಟ ವಿಷಯವೆಂದು ಕೈಬಿಟ್ಟಿತು. 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೂ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು ಎಂದು ತಿಳಿಸಿತು. ತಾಳಿಗೆ ಒಪ್ಪಿಗೆಯಿಲ್ಲ, ಅಕ್ಕಿಗೆ ಇದೆ!

ಹಿರಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಂಶ ಮುಂದುವರಿಯಬೇಕು, ಹೊಲಕ್ಕೊಬ್ಬ ವಾರಸುದಾರ ಬೇಕು, ಮುಪ್ಪಿನಲ್ಲಿ ಬಾಯಿಗೆ ನೀರು ಬಿಡುವವರು ಬೇಕು. ನನ್ನ ತಕರಾರು ಅವರು ಹುಡುಕಿಕೊಂಡ ಮದ್ದಿನ ಬಗ್ಗೆ. ಗಂಡಸರತ್ತ ಒಲವಿರುವ ಮಗನಿಗೆ 'ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ' ಎಂದು ಸಿಂಧನೂರಿನ ಕಡೆಯಿಂದಲೋ ಗಂಗಾವತಿಯ ಕಡೆಯಿಂದಲೋ ಏನೂ ಅರಿಯದ ಹುಡುಗಿಯೊಬ್ಬಳನ್ನು ತಂದು ಮನೆ ತುಂಬಿಸಿಕೊಳ್ಳುತ್ತಾರೆ. ವರ್ಷ ತುಂಬುವುದರೊಳಗೆ 'ಇನ್ನೂ ಏನೂ ವಿಶೇಷವಿಲ್ಲವೇ?' ಎಂಬ ಪ್ರಶ್ನೆ ಅವಳ ಮೇಲೆಯೇ ಬೀಳುತ್ತದೆ. ಕುಟುಂಬದ ಮಾನಕ್ಕಾಗಿ ನಡೆದ ಈ ಮದುವೆಯಲ್ಲಿ ಅವಳ ಕುಟುಂಬವನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇಲ್ಲ.

ಆದ್ದರಿಂದ, ಹಿರಿಯರೇ, ಸಂಸತ್ತು ಏನು ಮಾಡುತ್ತದೋ ಮಾಡಲಿ. ಹೆಣ್ಣು ನೋಡಲು ಹೊರಡುವ ಮೊದಲು ಹುಡುಗನನ್ನು ಒಂಟಿಯಾಗಿ ಕೂರಿಸಿಕೊಂಡು, ಗದರಿಸದೆ, ಒಮ್ಮೆ ಕೇಳಿ. ಬೇಡವೆಂದರೆ ಬಸ್ಸಿನ ಖರ್ಚಾದರೂ ಉಳಿದೀತು.

ನಮಸ್ಕಾರ.