ಕಾರಿಗೆ ಗೇರ್ ಲಾಕ್ ಹಾಕಿಸಿದ ದಿನ | ಮಂಡ್ಯ ಟು ಮೈಸೂರು

ನಮಸ್ಕಾರ. ಬೆಳಗ್ಗೆ ಏಳೂವರೆ, ಮಂಡ್ಯ, ನಮ್ಮ ಬೀದಿ. ಕಾರು ನಿಲ್ಲುವುದು ಇಲ್ಲೇ, ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ. ಕಾಂಪೌಂಡ್ ಒಳಗೆ ಎರಡು ಸ್ಕೂಟರ್‌ಗೆ ಮಾತ್ರ ಜಾಗ. ಎಲೆ, ಹೂವು ಒರೆಸುತ್ತಿರುವುದು ನಿಮಗೇ ಕಾಣುತ್ತಿದೆ, ಅದನ್ನು ಹೇಳುತ್ತಾ ಕೂರಲ್ಲ.

ಇವತ್ತು ಮೈಸೂರಿಗೆ ಹೋಗಿ ಗೇರ್ ಲಾಕ್ ಹಾಕಿಸಬೇಕು. ಇಷ್ಟು ದಿನ ಹಾಕಿಸಿರಲಿಲ್ಲ. ಕಾರಿನಲ್ಲಿ ಕಂಪನಿಯವರೇ ಕೊಟ್ಟ ಇಮ್ಮೊಬಿಲೈಸರ್ ಇದೆ, ಅಂದರೆ ಬೇರೆ ಕೀ ಹಾಕಿದರೆ ಇಂಜಿನ್ ಓಡಲು ಬಿಡದ ಏರ್ಪಾಡು, ಇನ್ನೇನು ಬೇಕು ಅಂದುಕೊಂಡಿದ್ದೆ. ಚಿಕ್ಕಪ್ಪನ ಕಾರು ಕಳವಾದ ಮೇಲೆ ಆ ಧೈರ್ಯ ಇಲ್ಲ.

ಹೊರಡುವ ಮುಂಚೆ ಒಂದು ತೋರಿಸಬೇಕು. ತಮ್ಮ, ಕ್ಯಾಮೆರಾ ಸ್ವಲ್ಪ ಹತ್ತಿರ ತಗೊಂಡು ಬಾ. ನನ್ನ ಕೈಯಲ್ಲಿ ಎರಡು ಕೀ ಇವೆ. ಇದು ಕಾರಿನ ಜೊತೆ ಬಂದಿದ್ದು, ತಲೆ ಕಪ್ಪು ಪ್ಲಾಸ್ಟಿಕ್, ದಪ್ಪ. ಇದು ಮೊನ್ನೆ ಪೇಟೆ ಬೀದಿಯಲ್ಲಿ ಇನ್ನೂರು ರೂಪಾಯಿಗೆ ಮಾಡಿಸಿದ ಡೂಪ್ಲಿಕೇಟ್, ಬರೀ ಲೋಹ. ಹಲ್ಲು ಎರಡರದ್ದೂ ಒಂದೇ. ಡೂಪ್ಲಿಕೇಟ್ ಹಾಕುತ್ತೇನೆ. ಬಾಗಿಲು ತೆಗೆಯಿತು, ನೋಡಿ. ಸ್ಟೇರಿಂಗ್ ಕೂಡ ಬಿಟ್ಟುಕೊಂಡಿತು. ಈಗ ಸ್ಟಾರ್ಟ್ ಮಾಡುತ್ತೇನೆ. ಸೆಲ್ಫ್ ತಿರುಗುತ್ತಿದೆ, ಇಂಜಿನ್ ಹತ್ತುತ್ತಿಲ್ಲ. ಮೀಟರ್ ಪಕ್ಕದಲ್ಲಿ ಕೀ ಗುರುತಿನ ಸಣ್ಣ ದೀಪ ಮಿಣುಕುತ್ತಿದೆ ಅಲ್ವಾ? ಕಾರು ಈ ಕೀಯನ್ನು ಒಪ್ಪುತ್ತಿಲ್ಲ.

ಒರಿಜಿನಲ್ ಕೀಯ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಕಿಲ್ಲ. ಕೀ ಹಾಕುವ ಜಾಗದ ಸುತ್ತ ತಂತಿಯ ಸುರುಳಿ ಇದೆ, ಆ ಸುರುಳಿಯಿಂದಲೇ ಚಿಪ್‌ಗೆ ಕರೆಂಟ್ ಸಿಗುತ್ತದೆ. ಚಿಪ್ ತನ್ನ ಕೋಡ್ ಹೇಳುತ್ತದೆ. ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ತಾಳೆ ನೋಡುತ್ತದೆ. ಸರಿ ಇದ್ದರೆ ಮಾತ್ರ ಇಂಜಿನ್ ಓಡಲು ಬಿಡುತ್ತದೆ. ರಿಮೋಟ್‌ನ ಸೆಲ್ ಹೋದರೂ ಕಾರು ಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಇದೇ ಇಮ್ಮೊಬಿಲೈಸರ್. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಹಳೇ ಕಾಲದ ಹಾಗೆ ವೈರ್ ಜೋಡಿಸಿ ಸ್ಟಾರ್ಟ್ ಮಾಡುವ ಆಟ ಇದು ಇರುವ ಕಾರಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಕಾರು ಹೇಗೆ ಕಳವಾಗುತ್ತದೆ? ಇಲ್ಲಿ ಬಗ್ಗಿ ನೋಡಿ, ಸ್ಟೇರಿಂಗ್ ಕೆಳಗೆ. ಈ ಸಾಕೆಟ್‌ಗೆ ಓಬಿಡಿ ಪೋರ್ಟ್ ಅನ್ನುತ್ತಾರೆ, ಹದಿನಾರು ಪಿನ್. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಇದಕ್ಕೇ ಸ್ಕ್ಯಾನರ್ ಸಿಕ್ಕಿಸಿ ಕಾರಿಗೆ ಏನಾಗಿದೆ ಅಂತ ನೋಡುವುದು. ಎಷ್ಟೋ ಕಾರುಗಳಲ್ಲಿ ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸುವುದೂ ಇಲ್ಲಿಂದಲೇ. ಕಳ್ಳ ಕಿಟಕಿ ಗಾಜು ಒಡೆಯುತ್ತಾನೆ, ತನ್ನ ಮೆಷಿನ್ ಇಲ್ಲಿ ಸಿಕ್ಕಿಸುತ್ತಾನೆ, ತಾನು ತಂದ ಕೀಯನ್ನೇ ಒರಿಜಿನಲ್ ಅಂತ ಒಪ್ಪಿಸುತ್ತಾನೆ. ಆಮೇಲೆ ಇಮ್ಮೊಬಿಲೈಸರ್ ಅವನನ್ನೇ ಮಾಲೀಕ ಅಂದುಕೊಳ್ಳುತ್ತದೆ.

ಸರಿ, ಹೊರಟೆವು. ತಮ್ಮ ಓಡಿಸುತ್ತಿದ್ದಾನೆ, ನಾನು ಪಕ್ಕದಲ್ಲಿ. ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರೋಡ್ ಹಿಡಿದಿದ್ದೇವೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇದೆ, ಎರಡು ಟ್ರೇಲರ್ ಕಟ್ಟಿದೆ, ಓವರ್‌ಟೇಕ್ ಮಾಡುವ ಹಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಈ ರೋಡಲ್ಲಿ ಅವಸರ ಮಾಡಬಾರದು. ನನಗೆ ಈ ವಾಸನೆ ಇಷ್ಟ. ಚಿಕ್ಕವರಿದ್ದಾಗ ಹಿಂದಿಂದ ಓಡಿ ಜಲ್ಲೆ ಎಳೆದುಕೊಳ್ಳುತ್ತಿದ್ದೆವು. ಇರಲಿ, ಚಿಕ್ಕಪ್ಪನ ವಿಷಯ ಹೇಳಬೇಕು.

ಮೈಸೂರಿನಲ್ಲಿ ನೆಂಟರ ಮದುವೆ. ಹಿಂದಿನ ರಾತ್ರಿ ರಿಸೆಪ್ಷನ್. ಛತ್ರದ ಒಳಗೆ ಜಾಗ ಇರಲಿಲ್ಲ, ಚಿಕ್ಕಪ್ಪ ಪಕ್ಕದ ಬೀದಿಯಲ್ಲಿ ಕಾರು ನಿಲ್ಲಿಸಿ ಛತ್ರದಲ್ಲೇ ಮಲಗಿದರು. ಬೆಳಗ್ಗೆ ಐದಕ್ಕೆ ಚಿಕ್ಕಮ್ಮನ ಸೀರೆ ಬ್ಯಾಗ್ ತರೋಕೆ ಹೋದರೆ ಕಾರಿಲ್ಲ. ನೆಲದ ಮೇಲೆ ಗಾಜಿನ ಚೂರು.

ಚಿಕ್ಕಪ್ಪ ಗಾಬರಿ ಬೀಳಲಿಲ್ಲ, ಯಾಕೆಂದರೆ ಕಾರಿನಲ್ಲಿ ಜಿಪಿಎಸ್ ಟ್ರ್ಯಾಕರ್ ಇತ್ತು. ಎರಡು ವರ್ಷದ ಹಿಂದೆ ಆರು ಸಾವಿರ ಕೊಟ್ಟು ಹಾಕಿಸಿದ್ದರು. ನಮ್ಮೆಲ್ಲರ ಮುಂದೆ ಫೋನ್ ತೆಗೆದು ಆ್ಯಪ್ ತೆರೆದರು. ಮ್ಯಾಪ್ ಬಂತು, ನೀಲಿ ಚುಕ್ಕೆ ಬಂತು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ನನ್ನ ಕೈಗೆ ಫೋನ್ ಕೊಟ್ಟು, "ಇದೇನವ್ವ, ಕಾರು ಮಂಡ್ಯದಲ್ಲಿ ನಮ್ಮನೆ ಮುಂದೇನೇ ಅದೆ ಅಂತ ತೋರಿಸ್ತಾ ಅದೆ" ಅಂದರು. ಚುಕ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಕು ಇತ್ತು. ಒಂದೂವರೆ ತಿಂಗಳ ಹಿಂದಿನದು.

ಟ್ರ್ಯಾಕರ್ ಒಳಗೆ ಒಂದು ಸಿಮ್ ಇರುತ್ತದೆ. ಸ್ಯಾಟಲೈಟ್‌ನಿಂದ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಂಡು, ಅದನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ನಮಗೆ ಕಳಿಸುತ್ತದೆ. ಆ ಸಿಮ್‌ನ ವ್ಯಾಲಿಡಿಟಿ ಮುಗಿದಿತ್ತು. ಮುಗಿದಿದೆ ಅಂತ ಚಿಕ್ಕಪ್ಪನಿಗೆ ಒಂದು ಮೆಸೇಜ್ ಇಲ್ಲ, ಒಂದು ಕಾಲ್ ಇಲ್ಲ. ಹಾಕಿಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ, "ರಿನ್ಯೂವಲ್ ಮಾಡಿಸಿಲ್ವಲ್ಲಾ ಸಾರ್, ವರ್ಷಕ್ಕೆ ಹದಿನೈದು ನೂರು ಕಟ್ಟಬೇಕಿತ್ತು" ಅಂದ. ಹಾಕಿಸುವ ದಿನ ಅವನು ಹೇಳಿದ್ದು "ಒಂದು ಸಲ ಹಾಕಿಸಿ, ನಿಶ್ಚಿಂತೆಯಾಗಿರಿ" ಅಂತ. ಬಿಲ್ಲಿನಲ್ಲೂ ವರ್ಷದ ಹಣದ ಮಾತಿಲ್ಲ. ನನಗೆ ಇವತ್ತಿಗೂ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹದಿನೈದು ನೂರು ಕಟ್ಟೋಕೆ ಚಿಕ್ಕಪ್ಪನಿಗೆ ಕಷ್ಟ ಇರಲಿಲ್ಲ. ಕೇಳಿದ್ದರೆ ಅವತ್ತೇ ಕಟ್ಟುತ್ತಿದ್ದರು. ಕಾಯುತ್ತದೆ ಅಂತ ನಂಬಿಸಿ ಮಾರಿದ ವಸ್ತು ಕಾಯುವುದನ್ನು ನಿಲ್ಲಿಸಿದಾಗ ಒಂದು ಮಾತು ಹೇಳಬೇಕಲ್ವಾ? ಅಷ್ಟು ಮಾಡದಿದ್ದರೆ ಅದನ್ನು ಮಾರಬಾರದು.

ದಾರಿ ತೋರಿಸಿದ್ದು ಫಾಸ್ಟ್ಯಾಗ್. ಇದೇ ನೋಡಿ, ಬಲಗಡೆ ಕಾಣುತ್ತಿರುವುದು ಗಣಂಗೂರು ಟೋಲ್. ರಾತ್ರಿ ಎರಡೂ ಹತ್ತಕ್ಕೆ ಇಲ್ಲಿ ಹಣ ಕಟ್ ಆಗಿದೆ ಅಂತ ಬ್ಯಾಂಕಿನ ಮೆಸೇಜ್ ಚಿಕ್ಕಪ್ಪನ ಫೋನಿಗೆ ಬಂದು ಕೂತಿತ್ತು. ಮಲಗಿದ್ದವರು ನೋಡಿರಲಿಲ್ಲ. ಅಂದರೆ ಕಾರು ಬೆಂಗಳೂರು ಕಡೆ ಹೋಗಿದೆ. ಪೊಲೀಸರು ಮೊದಲು ಹಿಡಿದುಕೊಂಡಿದ್ದು ಅದೇ ಮೆಸೇಜನ್ನು, ಟೋಲಿನ ಸಿಸಿಟಿವಿ ತೆಗೆಸಿದ್ದೂ ಆ ಟೈಮಿನದ್ದೇ. ಬಿಡದಿ ಕಡೆಯ ಟೋಲಿನಲ್ಲಿ ಮೆಸೇಜ್ ಬರಲಿಲ್ಲ. ನಡುವೆ ಎಲ್ಲೋ ಕೆಳಗಿಳಿದಿದ್ದಾರೆ, ಇಲ್ಲವೇ ಸ್ಟಿಕ್ಕರ್ ಕಿತ್ತಿದ್ದಾರೆ. ಕಾರು ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಫಾಸ್ಟ್ಯಾಗ್ ಮೆಸೇಜ್ ಯಾರ ನಂಬರಿಗೆ ಬರುತ್ತಿದೆ ಅಂತ ಇವತ್ತೇ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ಬಿಟ್ಟುಬಿಟ್ಟ ಹಳೇ ಸಿಮ್‌ಗೆ ಹೋಗುತ್ತಿರುತ್ತದೆ.

ಮೈಸೂರು ಬಂತು. ಅಂಗಡಿ ಹೆಸರು ತೋರಿಸಲ್ಲ, ಇದು ಜಾಹೀರಾತಲ್ಲ. ಒಳಗೆ ಹೋದ ತಕ್ಷಣ ಕಾಂಬೋ ಅಂತ ಶುರು ಮಾಡಿದರು. ಸೈರನ್, ಶಾಕ್ ಸೆನ್ಸರ್, ಟ್ರ್ಯಾಕರ್, ಫೋನಿನಿಂದಲೇ ಇಂಜಿನ್ ಆಫ್ ಮಾಡುವ ರಿಲೇ, ಎಲ್ಲಾ ಸೇರಿ ಒಂಬತ್ತೂವರೆ ಸಾವಿರ. ನಾನು ಬೇಡ ಅಂದೆ. ಸೈರನ್ ನನ್ನ ಪ್ರಕಾರ ದಂಡ. ನಮ್ಮ ಬೀದಿಯಲ್ಲಿ ಒಬ್ಬರ ಕಾರಿಗಿದೆ, ಬೆಕ್ಕು ಹತ್ತಿದರೂ ಕೂಗುತ್ತದೆ, ಪಟಾಕಿ ಹೊಡೆದರೂ ಕೂಗುತ್ತದೆ. ಈಗ ಅದು ಕೂಗಿದರೆ ಯಾರೂ ಕಿಟಕಿ ತೆಗೆದು ನೋಡುವುದಿಲ್ಲ. ಇಂಜಿನ್ ಆಫ್ ಮಾಡುವ ರಿಲೇ ಅಂದರೆ ನನಗೆ ಭಯ. ಕಂಪನಿ ವೈರ್ ಕತ್ತರಿಸಿ ಮಧ್ಯೆ ಅದನ್ನು ಸೇರಿಸುತ್ತಾರೆ. ಆ ಜಾಯಿಂಟ್ ಸಡಿಲವಾಗಿ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಸ್ಪೀಡಲ್ಲಿ ಇಂಜಿನ್ ನಿಂತರೆ ಏನು ಗತಿ? ವೈರ್ ಕತ್ತರಿಸಿದ್ದಾರೆ ಅಂದರೆ ವಾರಂಟಿಗೂ ತೊಂದರೆ.

ಗೇರ್ ಲಾಕ್ ಮಾತ್ರ ತಗೊಂಡೆ. ಫಿಟ್ಟಿಂಗ್ ಸೇರಿ ಎರಡು ಸಾವಿರದ ಇನ್ನೂರು. ಹುಡುಗ ಕನ್ಸೋಲ್ ಬಿಚ್ಚುತ್ತಿರುವುದು ಕಾಣುತ್ತಿದೆ ಅಲ್ವಾ, ಮುಕ್ಕಾಲು ಗಂಟೆ ಹಿಡಿಯಿತು. ಈ ಉಕ್ಕಿನ ಕೊಕ್ಕೆ ನೋಡಿ, ನನ್ನ ಹೆಬ್ಬೆರಳಿನಷ್ಟು ದಪ್ಪ. ಗೇರನ್ನು ರಿವರ್ಸ್‌ಗೆ ಹಾಕಿ ಇದನ್ನು ಒತ್ತಿದರೆ ಲಿವರ್ ಅಲ್ಲೇ ಹಿಡಿದುಕೊಳ್ಳುತ್ತದೆ. ಕಳ್ಳ ಮೆಷಿನ್ ತಂದು ಇಂಜಿನ್ ಸ್ಟಾರ್ಟ್ ಮಾಡಿದರೂ ಕಾರು ಮುಂದಕ್ಕೆ ಹೋಗುವುದಿಲ್ಲ. ಬೋಲ್ಟ್‌ಗಳ ತಲೆ ಬಿಗಿ ಮಾಡುವಾಗಲೇ ಮುರಿದು ಬೀಳುತ್ತದೆ, ಆಮೇಲೆ ಸ್ಪ್ಯಾನರ್ ಹಿಡಿಯೋಕೆ ಏನೂ ಇರಲ್ಲ. ಕತ್ತರಿಸಬೇಕು ಅಂದರೆ ಗ್ರೈಂಡರ್ ಬೇಕು, ಸದ್ದಾಗುತ್ತದೆ, ಕಿಡಿ ಹಾರುತ್ತದೆ, ಹೊತ್ತು ಹಿಡಿಯುತ್ತದೆ. ಕಳ್ಳನಿಗೆ ಇಲ್ಲದಿರುವುದೇ ಹೊತ್ತು.

ಹಾಗಂತ ಬೆಳಗ್ಗೆಯಿಂದ ಟ್ರ್ಯಾಕರ್‌ಗೆ ಬೈದೆನಲ್ಲ, ಅದನ್ನು ಸ್ವಲ್ಪ ಹಿಂದಕ್ಕೆ ತಗೋತೀನಿ. ಫಿಟ್ಟಿಂಗ್ ಹುಡುಗ ಒಂದು ಒಳ್ಳೆ ಮಾತು ಹೇಳಿದ. ಎಲ್ಲರೂ ಟ್ರ್ಯಾಕರನ್ನು ಡ್ಯಾಶ್‌ಬೋರ್ಡ್ ಕೆಳಗೇ ಹಾಕುತ್ತಾರಂತೆ, ಕಳ್ಳ ಮೊದಲು ಕೈ ಹಾಕುವುದೂ ಅಲ್ಲಿಗೇ. ಸೀಟಿನ ಒಳಗೋ ಹಿಂದಿನ ದೀಪದ ಪಕ್ಕವೋ ಬಚ್ಚಿಟ್ಟು, ಸಿಮ್ ಜೀವಂತ ಇಟ್ಟರೆ ಪ್ರಯೋಜನ ಇದೆ. ಸಿಗ್ನಲ್ ಅಡ್ಡಗಟ್ಟುವ ಜಾಮರ್ ತಂದವನ ಮುಂದೆ ಅದು ನಡೆಯಲ್ಲ ನಿಜ, ಜಿಪಿಎಸ್ ಸಿಗ್ನಲ್ ತುಂಬಾ ವೀಕ್. ಆದರೆ ಎಲ್ಲ ಕಳ್ಳರೂ ಜಾಮರ್ ತರಲ್ಲ. ಮುಂದಿನ ತಿಂಗಳು ನಾನೂ ಒಂದು ಹಾಕಿಸಬಹುದು.

ಇದು ಕುವೆಂಪುನಗರ, ಅಕ್ಕನ ಮನೆ. ಕಾಫಿ ಕುಡಿಯೋಕೆ ಬಂದೆವು. ಅಕ್ಕನ ಕಾರು ಬಟನ್ ಸ್ಟಾರ್ಟ್, ಕೀ ಜೇಬಲ್ಲಿದ್ದರೆ ಸಾಕು. ಇಂಥ ಕಾರಿಗೆ ಇನ್ನೊಂದು ಕಾಟ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ ಒಂದೊಂದು ಪೆಟ್ಟಿಗೆ ಹಿಡಿದು ನಿಲ್ಲುತ್ತಾರೆ. ಒಳಗೆ ಮೊಳೆಗೆ ನೇತುಹಾಕಿದ ಕೀಯ ಸಿಗ್ನಲ್ ಹಿಡಿದು ಕಾರಿನ ತನಕ ದಾಟಿಸುತ್ತಾರೆ. ಕೀ ಪಕ್ಕದಲ್ಲೇ ಇದೆ ಅಂದುಕೊಂಡು ಕಾರು ಬಾಗಿಲು ತೆಗೆಯುತ್ತದೆ. ಅಕ್ಕನ ಕೀ ಇರುವುದು ಬಾಗಿಲ ಪಕ್ಕದ ಮೊಳೆಯಲ್ಲೇ. ಅದಕ್ಕೆ ಅಡುಗೆಮನೆಯಿಂದ ಸ್ಟೀಲ್ ಡಬ್ಬ ತಂದು ಕೀ ಒಳಗಿಟ್ಟು ಕಾರಿನ ಪಕ್ಕ ಹಿಡಿದೆ. ಮುಚ್ಚಳ ಸುಮ್ನೆ ಮೇಲಿಟ್ಟಾಗ ಬಾಗಿಲು ತೆಗೆಯಿತು. ಬಿಗಿಯಾಗಿ ಒತ್ತಿ ಹಾಕಿದ ಮೇಲೆ ತೆಗೆಯಲಿಲ್ಲ. ನಿಮ್ಮ ಡಬ್ಬ ಹೇಗೋ ಗೊತ್ತಿಲ್ಲ, ಹೀಗೇ ಪರೀಕ್ಷೆ ಮಾಡಿ ನೋಡಿ. ಎಲ್ಲಕ್ಕಿಂತ ಮೊದಲು ಕೀಯನ್ನು ಬಾಗಿಲಿನಿಂದ ದೂರ ಇಡಿ, ಅದಕ್ಕೆ ದುಡ್ಡು ಬೇಕಿಲ್ಲ.

ವಾಪಸ್ ಹೊರಟೆವು, ಬಿಸಿಲು ಇಳಿಯುತ್ತಿದೆ. ಇನ್ಶೂರೆನ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಬ್ಯಾಟರಿ ಕಡಿಮೆ ಇದೆ. ಕಳವಿಗೆ ಹಣ ಬರಬೇಕಾದರೆ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇರುವುದು, ಸಾಲದು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿನ ಜೊತೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಜನ ಅದನ್ನು ನೋಡಿ ಮೂರು ವರ್ಷ ಇನ್ಶೂರೆನ್ಸ್ ಇದೆ ಅಂತ ಸುಮ್ಮನಾಗುತ್ತಾರೆ. ಆದರೆ ಕಳವು ಬರುವುದು ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೇ ಆದ ನಷ್ಟದ ಭಾಗದಲ್ಲಿ, ಅದು ಹೆಚ್ಚಾಗಿ ಒಂದೇ ವರ್ಷಕ್ಕೆ ಇರುತ್ತದೆ. ಪಾಲಿಸಿ ತೆಗೆದು ಆ ತಾರೀಕು ನೋಡಿ.

ಚಿಕ್ಕಪ್ಪ ಆ ಪಾಲಿಸಿ ಕಟ್ಟಿದ್ದರು, ದೇವರು ದೊಡ್ಡವನು. ಆದರೂ ಪೂರ್ತಿ ಹಣ ಬರಲ್ಲ. ಐಡಿವಿ ಅಂತ, ಅಂದರೆ ಕಾರಿಗೆ ಕಟ್ಟಿದ ಬೆಲೆ ಅಂತ, ಪಾಲಿಸಿಯಲ್ಲಿ ಬರೆದಿರುವಷ್ಟೇ. ನಾಲ್ಕು ವರ್ಷ ದಾಟಿದ, ಐದು ದಾಟದ ಕಾರಿಗೆ, ಕಾರು ಕಂಪನಿಯ ಬೆಲೆಯಲ್ಲಿ 50% ಕಳೆಯುತ್ತಾರೆ. ಎಂಟು ಲಕ್ಷದ ಕಾರಿಗೆ ನಾಲ್ಕರ ಆಸುಪಾಸು. ಅದೂ ಎಫ್ಐಆರ್ ಬೇಕು, ಕಾರು ಪತ್ತೆಯಾಗಲಿಲ್ಲ ಅಂತ ಪೊಲೀಸರ ಸಿ ರಿಪೋರ್ಟ್ ಬೇಕು, ಅದಕ್ಕೆ ತಿಂಗಳುಗಟ್ಟಲೆ ಅಲೆದರು. ಮುಖ್ಯವಾಗಿ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಒಂದೇ ಕೀ ಕೊಟ್ಟರೆ ಇನ್ನೊಂದು ಎಲ್ಲಿ, ಕಾರಿನಲ್ಲೇ ಬಿಟ್ಟಿದ್ದಿರಾ ಅಂತ ಶುರುವಾಗುತ್ತದೆ. ಚಿಕ್ಕಮ್ಮ ಎರಡನೇ ಕೀಯನ್ನು ಒಡವೆ ಜೊತೆ ಬೀರುವಿನಲ್ಲಿ ಇಟ್ಟಿದ್ದರು. ಶೋರೂಮಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕ್ಲೇಮ್ ಆಗಿದ್ದು ಅವರಿಂದ.

ಇನ್ನೊಂದು, ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಒಪ್ಪಿಗೆ ಇರುವ, ಕಳವು ತಡೆಯುವ ಸಾಧನ ಹಾಕಿಸಿದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 2.5% ರಿಯಾಯಿತಿ ಉಂಟು, ಹೆಚ್ಚೆಂದರೆ 500 ರೂಪಾಯಿ. ಅಂಗಡಿಯವರು ಇದನ್ನು ದೊಡ್ಡ ಲಾಭದ ಹಾಗೆ ಹೇಳುತ್ತಾರೆ. ಆ ಆಸೆಗೆ ಏನನ್ನೂ ಕೊಳ್ಳಬೇಡಿ.

ಮನೆ ಬಂತು, ಕತ್ತಲಾಗಿದೆ. ಅದೇ ಹೊಂಗೆ ಮರ. ಚಿಕ್ಕಪ್ಪ ಆಗಲೇ ಬಂದು ಗೇಟಿನ ಹತ್ತಿರ ಕಾಯುತ್ತಿದ್ದರು. ಡ್ರೈವರ್ ಸೀಟಲ್ಲಿ ಕೂತು ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿರುವುದು ಅವರೇ. ಅಲ್ಲಾಡಲಿಲ್ಲ. ಇನ್ನೊಂದು ಸಲ ಎಳೆದರು. "ಎಷ್ಟಾಯ್ತವ್ವ?" ಅಂದರು. ಎರಡು ಸಾವಿರದ ಇನ್ನೂರು ಅಂದೆ. ಮಾತಾಡಲಿಲ್ಲ, ಲಿವರ್ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಅವರು ಸೆಕೆಂಡ್ ಹ್ಯಾಂಡಲ್ಲಿ ಒಂದು ಕಾರು ನೋಡಿದ್ದಾರೆ, ಬರುವ ವಾರ ಮನೆಗೆ ಬರುತ್ತದೆ. ಭಾನುವಾರ ಅವರನ್ನೂ ಕರೆದುಕೊಂಡು ಅದೇ ಅಂಗಡಿಗೆ ಹೋಗುತ್ತೇನೆ. ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದಾರೆ, ಕ್ಯಾಮೆರಾ ಆಫ್ ಮಾಡುತ್ತೇನೆ.