ಯಾರೂ ಸಹಿ ಹಾಕದ ಉದ್ರಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳ್ತಿದ್ಯಾ? ಸರಿ. ನಿಮ್ಮಲ್ಲಿ ಮುಕ್ಕಾಲು ಜನ ಬ್ಯಾಂಕಿಗೆ ಸೇರಿ ಮೂರ್ನಾಲ್ಕು ವರ್ಷ ಆದೋರು, ನಾನು ಮೂವತ್ತೊಂದು ವರ್ಷ ಕೌಂಟರ್ ಹಿಂದೆ ಕೂತು ರಿಟೈರ್ ಆದೋನು. ಇವತ್ತಿನ ಮಾತು ಡ್ಯೂಟಿ ಮೀರಿ ನಾವು ಮಾಡೋ ಹೆಚ್ಚುವರಿ ಕೆಲಸದ ಬಗ್ಗೆ. ಮನಶ್ಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ, ಈ ವಿಷಯ ನನ್ನನ್ನೇ ಕಚ್ಚಿದ್ದಕ್ಕೆ ಆಮೇಲೆ ಕೂತು ಓದಿದ್ದು ಅಷ್ಟೇ.

2016ರ ನವೆಂಬರ್ 8, ಮಂಗಳವಾರ ರಾತ್ರಿ, 500 ಮತ್ತು 1000ದ ನೋಟು ನಡೆಯಲ್ಲ ಅಂದ್ರು ಟಿವೀಲಿ. ಬುಧವಾರ ಬ್ಯಾಂಕ್ ಬಂದ್, ಗುರುವಾರ ಬೆಳಗ್ಗೆ ಹಾಸನ ಜಿಲ್ಲೆಯ ನಮ್ಮ ಬ್ರಾಂಚ್ ಮುಂದೆ ಏಳು ಗಂಟೆಗೇ ಕ್ಯೂ, ಎರಡನೇ ಶನಿವಾರ ಇಲ್ಲ ಭಾನುವಾರ ಇಲ್ಲ, ಆಮೇಲೆ ಬೆರಳಿಗೆ ಶಾಯಿ ಹಾಕಿ ಅಂದ್ರು, ಮೈಸೂರಲ್ಲಿ ತಯಾರಾಗೋ ಎಲೆಕ್ಷನ್ ಶಾಯೀನೇ. ಡಿಸೆಂಬರ್ 30ರವರೆಗೆ ಮನೆಗೆ ಹೋಗ್ತಿದ್ದಿದ್ದು ಬರೀ ಮಲಗೋಕೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಆಗ ಬೇಜಾರಾಗ್ಲಿಲ್ಲ, ಹಳ್ಳಿಯಿಂದ ಬಂದೋರಿಗೆ ಫಾರಂ ತುಂಬಿಕೊಡ್ತಿದ್ದೆ, ವಯಸ್ಸಾದೋರನ್ನ ಒಳಗೆ ಕರೆದು ಕೂರಿಸ್ತಿದ್ದೆ, ಏನೋ ಒಂಥರಾ ಹುಮ್ಮಸ್ಸು.

ತೊಂದರೆ ಶುರುವಾಗಿದ್ದು ನೋಟ್‌ಬಂದಿ ಮುಗಿದ ಮೇಲೆ. ರಾತ್ರಿ ಎಂಟರ ತನಕ ಕೂರೋದು ಅಭ್ಯಾಸ ಆಗಿಹೋಗಿತ್ತು, ನನಗಲ್ಲ, ಮೇಲಿನವರಿಗೆ. ಒಂದಿನ ಮಗಳ ಸ್ಕೂಲ್ ಡೇ ಅಂತ ಐದೂವರೆಗೆ ಬ್ಯಾಗ್ ತಗೊಂಡು ಎದ್ದೆ, ಮ್ಯಾನೇಜರ್ ಕೇಳಿದ್ರು, "ಏನ್ ಸಾರ್, ಹುಷಾರಿಲ್ವಾ?" ಕುಹಕ ಅಲ್ಲ, ನಿಜವಾಗ್ಲೂ ಕಾಳಜಿಯಿಂದಾನೇ ಕೇಳಿದ್ದು. ಟೈಮಿಗೆ ಸರಿಯಾಗಿ ಮನೆಗೆ ಹೋಗೋದು ಕಾಯಿಲೆ ಲಕ್ಷಣ ಆಗಿತ್ತು.

ಈ ಹೆಚ್ಚುವರಿ ಕೆಲಸಕ್ಕೆ ಒಂದು ಉದ್ದನೆ ಹೆಸರಿದೆ, ಆರ್ಗನೈಸೇಷನಲ್ ಸಿಟಿಜನ್‌ಶಿಪ್ ಬಿಹೇವಿಯರ್. ಅಮೆರಿಕದ ಡೆನ್ನಿಸ್ ಆರ್ಗನ್ ಅನ್ನೋ ಪ್ರೊಫೆಸರ್ 1980ರ ದಶಕದಲ್ಲಿ ಇದನ್ನ ಬಳಕೆಗೆ ತಂದ್ರು. ಯಾರೂ ಹೇಳದೆ, ಅದಕ್ಕೆ ಅಂತ ಸಂಬಳ ಇಲ್ಲದೆ, ಮನಸ್ಸಿನಿಂದ ಮಾಡೋದು ಅಂತ ಅರ್ಥ. ಆಗ ಎಲ್ಲರೂ ಇದರ ಲಾಭಾನೇ ನೋಡ್ತಿದ್ರು. 2006ರಲ್ಲಿ ಇಸ್ರೇಲಿನ ವಿಗೋಡಾ-ಗಡೋಟ್ ಅನ್ನೋ ಸಂಶೋಧಕರು, "ಸ್ವಾಮಿ, ಇದರಲ್ಲಿ ಬೇಕಾದಷ್ಟು ಬಲವಂತದ್ದು" ಅಂತ ಬರೆದ್ರು. 2015ರಲ್ಲಿ ಮಾರ್ಕ್ ಬೊಲಿನೋ ಮತ್ತವರ ಜೊತೆಯವರು ಸಿಟಿಜನ್‌ಶಿಪ್ ಫಟೀಗ್ ಅಂದ್ರು, ಅಂದ್ರೆ ಇಂಥ ಹೆಚ್ಚುವರಿ ಕೆಲಸದ ದಣಿವು. ಬರೀ ಮೈ ದಣಿಯೋದಲ್ಲ ಅದು, ಇಷ್ಟು ದಿನ ಮಾಡಿದ್ದು ಸಾಕಪ್ಪಾ ಅನ್ನೋ ಕಹಿ.

ನನಗೆ ಅರ್ಥ ಆಗಿದ್ದು ನಮ್ಮ ಲೆಕ್ಕದ ಭಾಷೇಲಿ. ಮೊದಲು ಕೊಟ್ಟಿದ್ದು ಉಪಕಾರ, ಎರಡನೇ ಸಲಕ್ಕೆ ಮಾಮೂಲು, ಮೂರನೇ ಸಲಕ್ಕೆ ನಾವೇ ಬಾಕಿದಾರರು. ಆದ್ರೆ ನಮ್ಮೊಳಗೆ ಇನ್ನೊಂದು ಲೆಡ್ಜರ್ ಓಪನ್ ಆಗಿರುತ್ತೆ ನೋಡಿ, ಅದರಲ್ಲಿ ನಾವು ಬರೀತಾ ಹೋಗ್ತೀವಿ, ಆ ಭಾನುವಾರ ಬಂದಿದ್ದೆ, ಈ ಆಡಿಟ್‌ಗೆ ಊಟ ಬಿಟ್ಟಿದ್ದೆ, ಎಲ್ಲಾ ಅವರ ಹೆಸರಲ್ಲಿ ಉದ್ರಿ. ಅವರು ಅದಕ್ಕೆ ಸಹಿ ಹಾಕಿಲ್ಲ, ಅಂಥದ್ದೊಂದು ಖಾತೆ ಇದೆ ಅಂತಾನೂ ಗೊತ್ತಿಲ್ಲ. ವಸೂಲಿ ಎಲ್ಲಿಂದ ಆಗ್ಬೇಕು ಹೇಳಿ?

ಒಂದು ವಿಷಯ ಹೆಣ್ಮಕ್ಕಳಿಗೆ. ಆಯುಧಪೂಜೆಗೆ ರಂಗೋಲಿ ಯಾರು ಹಾಕ್ತಾರೆ, ಸೆಂಡಾಫ್‌ಗೆ ದುಡ್ಡು ಕಲೆಕ್ಟ್ ಮಾಡೋದು ಯಾರು? 2017ರಲ್ಲಿ ಲಿಂಡಾ ಬ್ಯಾಬ್‌ಕಾಕ್ ಮತ್ತೆ ಮೂವರು ಸೇರಿ ಒಂದು ಸಂಶೋಧನೆ ಪ್ರಕಟಿಸಿದ್ರು. ಯಾರಿಗೂ ಬೇಡದ ಕೆಲಸಕ್ಕೆ ಯಾರಾದ್ರೂ ಒಬ್ರು ಒಪ್ಕೋಬೇಕು ಅಂದಾಗ, ಗಂಡಸರು ಹೆಂಗಸರು ಕೂಡಿದ ಗುಂಪಲ್ಲಿ ಹೆಂಗಸರೇ ಜಾಸ್ತಿ ಮುಂದೆ ಬಂದ್ರು. ಬರೀ ಗಂಡಸರ ಗುಂಪು ಮಾಡಿದ್ರೆ? ಅವರೂ ಅಷ್ಟೇ ಆರಾಮಾಗಿ ಮಾಡಿದ್ರು. ಅಂದ್ರೆ ಸ್ವಭಾವ ಅಲ್ಲ ರೀ ಅದು, ಪಕ್ಕದಲ್ಲಿ ಮೇಡಂ ಇದಾರಲ್ಲ ಅನ್ನೋ ಧೈರ್ಯ.

ನನ್ನ ಲೆಡ್ಜರ್ ಕಥೆಗೆ ಬರ್ತೀನಿ. ಅದೇ 2017ರಲ್ಲಿ ಇನ್ನೊಂದು ಅಧ್ಯಯನ ಬಂತು, ಯಾಮ್ ಅನ್ನೋರು ಮತ್ತು ಜೊತೆಗಾರರದ್ದು. ಒತ್ತಡಕ್ಕೆ ಸಿಕ್ಕಿ ಹೆಚ್ಚು ಕೆಲಸ ಮಾಡೋರಿಗೆ ನನಗೆ ಇಷ್ಟು ಸಲ್ಲಬೇಕು ಅನ್ನೋ ಭಾವನೆ ಬರುತ್ತೆ, ಆಮೇಲೆ ಅವರೇ ಸಣ್ಣಪುಟ್ಟ ಕೆಟ್ಟ ನಡವಳಿಕೆಗೆ ಇಳೀತಾರೆ ಅಂತ. ಓದ್ತಾ ಮುಖ ಬಿಸಿ ಆಯ್ತು, ಯಾಕಂದ್ರೆ ಅದು ನಾನೇ. ನವೆಂಬರಲ್ಲಿ ಪೆನ್ಷನ್‌ದಾರರು ಜೀವಂತ ಇದೀವಿ ಅಂತ ಸರ್ಟಿಫಿಕೇಟ್ ಕೊಡೋಕೆ ಬರ್ತಾರಲ್ಲ, ಒಬ್ರು ಅಜ್ಜಿ, ನೋಟ್‌ಬಂದೀಲಿ ನಾನೇ ಒಳಗೆ ಕರೆದು ಕೂರಿಸಿದ್ದೋರು, ಮುಂದಿನ ವರ್ಷ ಬಂದು ಮೊದಲಿನ ಸಲಿಗೇಲೇ "ಮಗಾ, ಇದೊಂಚೂರು ತುಂಬಿಕೊಡಪ್ಪ" ಅಂದ್ರು. ಅವತ್ತು ಬೆಳಗ್ಗೆ ರೀಜನಲ್ ಆಫೀಸಿಂದ ಇನ್ಶೂರೆನ್ಸ್ ಟಾರ್ಗೆಟ್ ವಿಷಯಕ್ಕೆ ಬೈಸಿಕೊಂಡಿದ್ದೆ, ಆ ಸಿಟ್ಟು ಎಲ್ಲೂ ಹೇಳೋಕಾಗದೆ ಹಾಗೇ ಇತ್ತು. "ಪ್ರತಿ ಸಲ ನಾನೇ ಬೇಕಾ ನಿಮಗೆ? ಇದೇನ್ ನನ್ನ ಕೆಲಸಾನಾ?" ಅಂತ ಇಡೀ ಬ್ರಾಂಚಿಗೆ ಕೇಳೋ ಹಾಗೆ ಅಂದುಬಿಟ್ಟೆ. ಬೈದವರು ಬೇರೆ, ವಸೂಲಿ ಮಾಡಿದ್ದು ಅಜ್ಜಿ ಹತ್ರ.

ಅವರು ಏನೂ ಅನ್ಲಿಲ್ಲ, ಫಾರಂ ಮಡಚಿ ಸೆರಗಿನ ಗಂಟಿಗೆ ಸೇರಿಸಿ ಹೋದ್ರು. ಮುಂದಿನ ನವೆಂಬರಲ್ಲಿ ಮತ್ತೆ ಬಂದ್ರು. ನನ್ನ ಕೌಂಟರ್ ಖಾಲಿ ಇತ್ತು, ಪಕ್ಕದ ಕೌಂಟರಲ್ಲಿ ಹದಿನೈದು ಜನ ಇದ್ರು, ಅಜ್ಜಿ ಹೋಗಿ ಆ ಕ್ಯೂನಲ್ಲಿ ನಿಂತ್ಕೊಂಡ್ರು.