ಕಡಲೆಕಾಯಿ ಊರು ಪ್ಲೇನ್ಸ್

ಕೇಳುಗರೇ, ನಮಸ್ಕಾರ.

ಹಸಿ ಕಡಲೆಕಾಯಿಗೆ ಉಪ್ಪು ಹಾಕಿ ಬೇಯಿಸಿ ತಿನ್ನೋ ಸುಖ ಬರೀ ನಮಗೇ ಗೊತ್ತು ಅಂದ್ಕೊಂಡಿದ್ದೀರಾ? ಇಲ್ಲ. ಅಮೆರಿಕದ ದಕ್ಷಿಣ ಭಾಗದ ಜನಕ್ಕೂ ಅದು ಚೆನ್ನಾಗಿ ಗೊತ್ತು. ಜಾರ್ಜಿಯಾ ರಾಜ್ಯದ ರಸ್ತೆ ಬದಿಯಲ್ಲಿ ಇವತ್ತಿಗೂ ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ ಮಾರುತ್ತಾರೆ. ಸುಮಾರು 1930ರ ಹೊತ್ತಿಗೆ ಅಲ್ಲಿನ ಒಂದು ಪುಟ್ಟ ಊರಿನ ಬೀದಿಯಲ್ಲಿ ಐದಾರು ವರ್ಷದ ಹುಡುಗನೊಬ್ಬ ಇದನ್ನೇ ಮಾರುತ್ತಿದ್ದ. ಅಪ್ಪನ ಹೊಲದಲ್ಲಿ ಗಿಡ ಕಿತ್ತು, ಕಾಯಿ ಬಿಡಿಸಿ, ತೊಳೆದು, ಉಪ್ಪುನೀರಲ್ಲಿ ಬೇಯಿಸಿ, ಪೊಟ್ಟಣ ಕಟ್ಟಿಕೊಂಡು ರೈಲು ಹಳಿ ಮೇಲೆ ನಡೆದು ಊರಿಗೆ ಬರುತ್ತಿದ್ದ. ಒಂದು ಪೊಟ್ಟಣಕ್ಕೆ ಐದು ಸೆಂಟ್. ಹುಡುಗನ ಹೆಸರು ಜಿಮ್ಮಿ ಕಾರ್ಟರ್. ಊರು ಪ್ಲೇನ್ಸ್.

ಕಾರ್ಟರ್ ಮುಂದೆ ಅಮೆರಿಕದ ಅಧ್ಯಕ್ಷರಾದರು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಇವತ್ತು ನಾನು ಮಾತಾಡಬೇಕು ಅಂತಿರೋದು ಆ ಊರಿನ ಬಗ್ಗೆ.

2020ರ ಜನಗಣತಿ ಪ್ರಕಾರ ಪ್ಲೇನ್ಸ್‌ನಲ್ಲಿ ಇದ್ದವರು 573 ಜನ. ನಮ್ಮ ಕಡೆ ಇಷ್ಟು ಜನ ಇದ್ದರೆ ಹಟ್ಟಿ ಅಂತೀವಿ, ಅಷ್ಟೇ. ಆದರೂ ಅದಕ್ಕೊಬ್ಬ ಮೇಯರ್ ಇದ್ದಾರೆ! ಪೇಟೆ ಅಂದರೆ ಒಂದೇ ಸಾಲು ಇಟ್ಟಿಗೆ ಅಂಗಡಿಗಳು. ಅಂಗಡಿಗಳ ಮುಂದೆ ರೈಲು ಹಳಿ. ಊರ ಸುತ್ತ ಹೊಲ.

ಈ ನೆಲ ಮೊದಲು ಕ್ರೀಕ್ ಅನ್ನೋ ಮೂಲನಿವಾಸಿಗಳದ್ದು. 1820ರ ದಶಕದಲ್ಲಿ ಅವರನ್ನು ಒಕ್ಕಲೆಬ್ಬಿಸಿ, ಜಾರ್ಜಿಯಾ ಸರ್ಕಾರ ಆ ಜಮೀನನ್ನು ಬಿಳಿಯರಿಗೆ ಲಾಟರಿ ಎತ್ತಿ ಹಂಚಿತು. ಆಮೇಲೆ ಹತ್ತಿ ಬಂತು, ಹತ್ತಿ ಬಿಡಿಸಲು ಗುಲಾಮರು ಬಂದರು. ಅಕ್ಕಪಕ್ಕದಲ್ಲಿ ಸಣ್ಣ ಸಣ್ಣ ಹಳ್ಳಿಗಳಿದ್ದವು. ಅದರಲ್ಲಿ ಒಂದಕ್ಕೆ ಬೈಬಲ್‌ನಲ್ಲಿ ಬರುವ ದೂರಾ ಬಯಲಿನ ಹೆಸರು, ಪ್ಲೇನ್ಸ್ ಆಫ್ ದೂರಾ ಅಂತ. 1880ರ ದಶಕದಲ್ಲಿ ರೈಲು ಹಾಕಿದಾಗ ಜನ ಅಂಗಡಿ ಮುಂಗಟ್ಟು ಸಮೇತ ಹಳಿ ಪಕ್ಕಕ್ಕೆ ಬಂದು ಕೂತರು. ಅದೇ ಇವತ್ತಿನ ಪ್ಲೇನ್ಸ್. 1888ರಲ್ಲಿ ಕಟ್ಟಿದ ಮರದ ರೈಲು ನಿಲ್ದಾಣ ಈಗಲೂ ಇದೆ.

ಹತ್ತಿಯ ದರ್ಬಾರು ಮುಗಿಸಿದ್ದು ಒಂದು ಹುಳ. ಮೆಕ್ಸಿಕೊ ಕಡೆಯಿಂದ ಬಂದ ಈ ಮೂತಿ ಹುಳ ಹತ್ತಿ ಮೊಗ್ಗಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. 1915ರ ಸುಮಾರಿಗೆ ಜಾರ್ಜಿಯಾ ತಲುಪಿತು. ಅದಕ್ಕೆ ಹೊಡೆಯುತ್ತಿದ್ದ ಔಷಧಿ ಏನು ಗೊತ್ತಾ? ಪಾಷಾಣ, ಕಾಕಂಬಿ ಮತ್ತು ನೀರು. ಕೋಲಿನ ತುದಿಗೆ ಬಟ್ಟೆ ಸುತ್ತಿ, ಇದರಲ್ಲಿ ಅದ್ದಿ, ಒಂದೊಂದೇ ಗಿಡದ ಕುಡಿಗೆ ಸವರಬೇಕು. ಮಕ್ಕಳ ಕೈಲೇ ಜಾಸ್ತಿ ಮಾಡಿಸುತ್ತಿದ್ದರು. ಕಾಕಂಬಿ ಮೆತ್ತಿಕೊಂಡ ಚಡ್ಡಿ ರಾತ್ರಿ ಬಿಚ್ಚಿಟ್ಟರೆ ಮಡಚೋಕೆ ಬರುತ್ತಿರಲಿಲ್ಲವಂತೆ, ಮೂಲೆಯಲ್ಲಿ ತಾನೇ ನಿಲ್ಲುತ್ತಿತ್ತಂತೆ. ಕೈಗೆ ಪಾಷಾಣ ಕೊಟ್ಟು ಮಕ್ಕಳನ್ನು ಹೊಲಕ್ಕೆ ಕಳಿಸಿದ ಕಾಲ ಅದು.

ಹುಳದ ಕಾಟಕ್ಕೆ ಬೇಸತ್ತ ರೈತರು ನಿಧಾನವಾಗಿ ಕಡಲೆಕಾಯಿಗೆ ತಿರುಗಿದರು. ಅಲ್ಲಿನ ಮರಳು ಮಿಶ್ರಿತ ನೆಲ ಸಡಿಲ, ನೀರು ನಿಲ್ಲಲ್ಲ. ಹೂವು ಬಿದ್ದ ಮೇಲೆ ಸೂಜಿ ಇಳಿದು ಮಣ್ಣಿನೊಳಗೆ ಕಾಯಿ ಕಟ್ಟಬೇಕಲ್ಲ, ಅದಕ್ಕೆ ಹೇಳಿ ಮಾಡಿಸಿದ ಜಾಗ. ಪಾವಗಡ, ಚಳ್ಳಕೆರೆ ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಮೆರಿಕದ ಒಟ್ಟು ಕಡಲೆಕಾಯಿಯಲ್ಲಿ ಸುಮಾರು ಅರ್ಧ ಜಾರ್ಜಿಯಾದ್ದೇ.

ಕಾರ್ಟರ್ ಬೆಳೆದದ್ದು ಪ್ಲೇನ್ಸ್ ಪಕ್ಕದ ಆರ್ಚರಿ ಅನ್ನೋ ಹಳ್ಳಿಯಲ್ಲಿ. ಅಲ್ಲಿ ನೆಲೆಸಿದ್ದವರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಬೆಳಕು ಹರಿಯುವ ಮೊದಲೇ ಗಂಟೆ ಬಾರಿಸಿದರೆ ಎಲ್ಲರೂ ಎದ್ದು ಹೇಸರಗತ್ತೆ ಕಟ್ಟಬೇಕು. ಊಟಕ್ಕೆ ಮೆಕ್ಕೆಜೋಳದ ರೊಟ್ಟಿ, ಅದರದೇ ನುಚ್ಚಿನ ಗಂಜಿ, ಗೆಣಸು, ಸೊಪ್ಪು, ಹಂದಿಮಾಂಸ. ಮನೆಗೆ ನಲ್ಲಿ ನೀರು ಬಂದದ್ದು 1935ರಲ್ಲಿ, ಗಾಳಿಯಂತ್ರ ಹಾಕಿಸಿದ ಮೇಲೆ. ಕರೆಂಟು ಬಂದದ್ದು 1938ರಲ್ಲಿ.

ಆ 1938ರದೇ ಒಂದು ಪ್ರಸಂಗ ಇದೆ. ರೇಡಿಯೋದವರಾಗಿ ಇದನ್ನು ಹೇಳದೆ ಬಿಡೋಕಾಗಲ್ಲ. ಜೂನ್ 22ರಂದು ನ್ಯೂಯಾರ್ಕ್‌ನಲ್ಲಿ ಕಪ್ಪು ಬಾಕ್ಸರ್ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ನಡುವೆ ಪಂದ್ಯ. ಎರಡು ವರ್ಷದ ಹಿಂದೆ ಲೂಯಿಸ್ ಇದೇ ಷ್ಮೆಲಿಂಗ್ ಕೈಲಿ ಸೋತಿದ್ದ. ಆರ್ಚರಿಯ ಕಪ್ಪು ಜನ ಕಾರ್ಟರ್ ತಂದೆ ಅರ್ಲ್ ಹತ್ತಿರ ಬಂದು, ನಾವೂ ಕೇಳಬಹುದಾ ಅಂದರು. ಅವರನ್ನು ಮನೆಯೊಳಗೆ ಬಿಡುವ ಮಾತೇ ಇರಲಿಲ್ಲ. ಅರ್ಲ್ ಬ್ಯಾಟರಿ ರೇಡಿಯೋವನ್ನು ಕಿಟಕಿ ಮೇಲೆ ಇಟ್ಟರು. ಅಂಗಳದಲ್ಲಿ, ಮರದ ಕೆಳಗೆ ಜನ ಕೂತರು. ಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯಿತು, ಎರಡು ನಿಮಿಷ ಚಿಲ್ಲರೆಯಲ್ಲಿ. ಲೂಯಿಸ್ ಗೆದ್ದ. ಅಂಗಳದಲ್ಲಿ ಯಾರೂ ಕೈ ತಟ್ಟಲಿಲ್ಲ, ಕೇಕೆ ಹಾಕಲಿಲ್ಲ. ಯಜಮಾನರಿಗೆ ಥ್ಯಾಂಕ್ಸ್ ಹೇಳಿ, ರಸ್ತೆ ದಾಟಿ, ರೈಲು ಹಳಿ ದಾಟಿ, ತಮ್ಮ ಮನೆಯೊಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಶುರುವಾಯಿತು ನೋಡಿ ಕೂಗು, ರಾತ್ರಿಯೆಲ್ಲಾ! ಹಳಿಯ ಈಚೆಯ ಮನೆಗೂ ಕೇಳುತ್ತಿತ್ತು. ಇದನ್ನು ಮುಂದೆ ಬರೆದಿಟ್ಟವರು ಅಂದು 13 ವರ್ಷದ ಹುಡುಗನಾಗಿದ್ದ ಕಾರ್ಟರ್ ಅವರೇ. ದಕ್ಷಿಣದ ಊರುಗಳ ಬಗ್ಗೆ ಎಷ್ಟೇ ಓದಿದರೂ ನನಗೆ ಮೊದಲು ನೆನಪಾಗೋದು ಈ ಬಾಗಿಲು ಹಾಕಿದ ಮನೆ.

ಆ ರೈಲು ಹಳಿ ಆಗ ಊರಲ್ಲೆಲ್ಲಾ ಇತ್ತು, ಕಣ್ಣಿಗೆ ಕಾಣದಿದ್ದ ಕಡೆಯೂ. ಪ್ಲೇನ್ಸ್ ಹೈಸ್ಕೂಲು ಬಿಳಿಯ ಮಕ್ಕಳಿಗೆ ಮಾತ್ರ. ಬಿಳಿಯ ಮಕ್ಕಳಿಗೆ ಬಸ್ಸು, ಕಪ್ಪು ಮಕ್ಕಳು ನಡೆದು ಹೋಗುತ್ತಿದ್ದರು. 1950ರ ದಶಕದಲ್ಲಿ ಶಿಕ್ಷಣ ಮಂಡಳಿಯ ಸದಸ್ಯರಾಗಿದ್ದ ಕಾರ್ಟರ್‌ಗೂ ಇದು ಎಷ್ಟೋ ದಿನ ಹೊಳೆದೇ ಇರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. ಅದೇ ಹೈಸ್ಕೂಲಿನಲ್ಲಿ ಜೂಲಿಯಾ ಕೋಲ್ಮನ್ ಅನ್ನೋ ಒಳ್ಳೆಯ ಟೀಚರ್ ಇದ್ದರು. ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ದಿನದ ಭಾಷಣದಲ್ಲಿ ಕಾರ್ಟರ್ ನೆನೆದದ್ದು ಈ ಹಳ್ಳಿ ಟೀಚರನ್ನು. ಎರಡೂ ಒಂದೇ ಶಾಲೆಯ ಕತೆ, ಅಲ್ವಾ?

ತಂದೆ ತೀರಿಕೊಂಡ ಮೇಲೆ, 1953ರಲ್ಲಿ, ಕಾರ್ಟರ್ ನೌಕಾಪಡೆ ಬಿಟ್ಟು ಊರಿಗೆ ಬಂದರು. ಮೊದಲ ವರ್ಷವೇ ಬರ. ಸರ್ಕಾರದ ಬಾಡಿಗೆ ಮನೆಯಲ್ಲಿ ಸಂಸಾರ. ಬಿತ್ತನೆ ಕಡಲೆಬೀಜದ ವ್ಯಾಪಾರ ನಿಧಾನವಾಗಿ ಹತ್ತಿಕೊಂಡಿತು. ಅಷ್ಟರಲ್ಲಿ ಬಿಳಿಯರ ಕೂಟವೊಂದು ಮೆಂಬರ್ ಆಗಿ ಅಂತ ಬಂತು. ಕಪ್ಪು ಜನರಿಗೆ ಸಮಾನ ಹಕ್ಕು ಸಿಗದಂತೆ ನೋಡಿಕೊಳ್ಳೋದೇ ಅವರ ಕೆಲಸ. ಚಂದಾ ಐದು ಡಾಲರ್. ಬೇಕಾದರೆ ಅದನ್ನೂ ನಾವೇ ಕೊಡ್ತೀವಿ ಅಂದರು. ಕಾರ್ಟರ್ ಒಪ್ಪಲಿಲ್ಲ. ಕೆಲವು ಗಿರಾಕಿಗಳು ಅವರ ಗೋದಾಮಿನ ಕಡೆ ತಲೆ ಹಾಕೋದನ್ನೇ ನಿಲ್ಲಿಸಿದರು. 1965ರಲ್ಲಿ ಊರ ಚರ್ಚಿಗೆ ಕಪ್ಪು ಜನರನ್ನು ಬಿಡಬೇಕೋ ಬೇಡವೋ ಅಂತ ಮತ ಹಾಕಿದಾಗ, ಬಿಡಬೇಕು ಅಂದವರು ಕಾರ್ಟರ್ ಮನೆಯವರು ಮತ್ತು ಇನ್ನೊಬ್ಬರು. ಕೊನೆಗೆ 1977ರಲ್ಲಿ ಆ ಚರ್ಚು ಒಡೆದು, ಮರನಾಥಾ ಅಂತ ಬೇರೆ ಚರ್ಚು ಆಯಿತು.

ಅವರ ತಾಯಿ ಲಿಲಿಯನ್ ಅವರನ್ನು ಬಿಟ್ಟರೆ ಈ ಮಾತು ಪೂರ್ತಿ ಆಗಲ್ಲ. ನರ್ಸ್ ಆಗಿದ್ದರು. ಕಪ್ಪು ಜನರ ಮನೆಗೂ ಹೋಗಿ ಆರೈಕೆ ಮಾಡುತ್ತಿದ್ದರು, ಊರವರು ಏನಂತಾರೆ ಅಂತ ತಲೆ ಕೆಡಿಸಿಕೊಂಡವರಲ್ಲ. 1966ರಲ್ಲಿ, 68ನೇ ವಯಸ್ಸಿನಲ್ಲಿ, ಪೀಸ್ ಕೋರ್ ಅನ್ನೋ ಅಮೆರಿಕ ಸರ್ಕಾರದ ಸ್ವಯಂಸೇವಕರ ಪಡೆ ಸೇರಿ ಮುಂಬೈ ಹತ್ತಿರದ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ದುಡಿದರು. ಕುಷ್ಠರೋಗಿಗಳಿಗೂ ಶುಶ್ರೂಷೆ ಮಾಡಿದರು.

1976ರಲ್ಲಿ ಕಾರ್ಟರ್ ಅಧ್ಯಕ್ಷರ ಚುನಾವಣೆಗೆ ನಿಂತಾಗ ಊರಿಗೆ ಜಾತ್ರೆ ಬಂತು. ಚುನಾವಣೆ ಕಚೇರಿಗೆ ಜಾಗ ಹುಡುಕಿದರೆ, ಖಾಲಿ ಇದ್ದು ಶೌಚಾಲಯವೂ ಇದ್ದ ಕಟ್ಟಡ ಒಂದೇ, ಆ ಹಳೇ ರೈಲು ನಿಲ್ದಾಣ. ಪ್ರಯಾಣಿಕರ ರೈಲು ಅಲ್ಲಿ 1951ರಲ್ಲೇ ನಿಂತು ಹೋಗಿತ್ತು. ಪತ್ರಕರ್ತರು ಕಾರ್ಟರ್ ಅವರ ತಮ್ಮ ಬಿಲ್ಲಿಯ ಪೆಟ್ರೋಲ್ ಬಂಕಿನಲ್ಲಿ ಠಿಕಾಣಿ ಹೂಡಿದರು. ಅಣ್ಣ ದೇಶ ಗೆದ್ದ ವರ್ಷವೇ ತಮ್ಮ ಊರಿನ ಮೇಯರ್ ಚುನಾವಣೆಯಲ್ಲಿ ಸೋತ! ಊರವರಿಗೆ ಊರವರ ಲೆಕ್ಕ ಬೇರೆ.

1981ರಲ್ಲಿ ಅಧಿಕಾರ ಮುಗಿಸಿ ಕಾರ್ಟರ್ ದಂಪತಿ ಬಂದದ್ದು ಅದೇ ಊರಿಗೆ, 1961ರಲ್ಲಿ ಕಟ್ಟಿಸಿದ ಅದೇ ಮನೆಗೆ. ವ್ಯಾಪಾರ ಸಾಲದಲ್ಲಿ ಮುಳುಗಿತ್ತು, ಮಾರಿದರು. ಭಾನುವಾರ ಮರನಾಥಾ ಚರ್ಚಿನಲ್ಲಿ ಪಾಠ ಹೇಳುತ್ತಿದ್ದರು. ಕೇಳಲು ಜನ ನಸುಕಿನಿಂದಲೇ ಸಾಲು ನಿಲ್ಲುತ್ತಿದ್ದರು. ಪತ್ನಿ ರೋಸಲಿನ್ ಕೂಡ ಪ್ಲೇನ್ಸ್‌ನವರೇ. 2023ರಲ್ಲಿ ಅವರು, 2024ರ ಡಿಸೆಂಬರ್ 29ರಂದು ನೂರು ತುಂಬಿದ ಕಾರ್ಟರ್, ಇಬ್ಬರೂ ಅದೇ ಮನೆಯಲ್ಲಿ ತೀರಿಕೊಂಡರು. ಮನೆಯ ಆವರಣದಲ್ಲೇ ಸಮಾಧಿ.

ಇನ್ನೊಂದು ಸುದ್ದಿ ಹೇಳಿಬಿಡುತ್ತೇನೆ. 2017ರಲ್ಲಿ ಕಾರ್ಟರ್ ತಮ್ಮ ಹತ್ತು ಎಕರೆ ಹೊಲವನ್ನು ಸೋಲಾರ್ ಫಲಕ ಹಾಕಲು ಗುತ್ತಿಗೆಗೆ ಕೊಟ್ಟರು. ಅಲ್ಲಿ 3,852 ಫಲಕಗಳಿವೆ. ಊರಿಗೆ ಬೇಕಾದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಸಿಗಬೇಕು ಅನ್ನೋದು ಯೋಜನೆ. ಅಟ್ಲಾಂಟಾ ಕಡೆ ಮಕ್ಕಳಿರುವ ನಮ್ಮವರು ಬಹಳ ಜನ ಇದ್ದೀರಿ. ಅಲ್ಲಿಂದ ಪ್ಲೇನ್ಸ್‌ಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ ದಾರಿ. ಹೋಗೋದಾದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಆಗ ಕಡಲೆಕಾಯಿ ಹಬ್ಬ ಇರುತ್ತದೆ, ಹೊಲಗಳಲ್ಲಿ ಕೀಳುವ ಕೆಲಸವೂ ನಡೆದಿರುತ್ತದೆ. ಹಳೇ ಹೈಸ್ಕೂಲು ಈಗ ಮ್ಯೂಸಿಯಂ. ಅದನ್ನು ನೋಡಿಕೊಂಡು ಆರ್ಚರಿಯ ಮನೆಗೂ ಹೋಗಿ ಬನ್ನಿ, ಹತ್ತಿರವೇ ಇದೆ.

ನಮಸ್ಕಾರ.